ಒಳತೊಗಟೆಯ ಹಾಳೆ

ಕಾಮ್ ಜನರ ಕಾಗದ ಹುಟ್ಟುವುದು ಕಾಗದದ ಹಿಪ್ಪುನೇರಳೆ ಎಂಬ ಮರದ ಒಳತೊಗಟೆಯಿಂದ. ನಮ್ಮಲ್ಲಿ ರೇಷ್ಮೆಹುಳುವಿಗೆ ಮೇವಾಗುವ ಹಿಪ್ಪುನೇರಳೆಯ ಕುಟುಂಬದ್ದೇ ಈ ಮರ. ಚೀನೀ ದಾಖಲೆಗಳಲ್ಲಿ ದೋಂಗ್ ಎನಿಸಿಕೊಂಡವರು ತಮ್ಮನ್ನು ಕರೆದುಕೊಳ್ಳುವ ಹೆಸರು ಕಾಮ್. ಗ್ವೇಝೌ, ಹುನಾನ್, ಗ್ವಾಂಗ್‌ಶಿ ಕೂಡುವ ಗುಡ್ಡಸೀಮೆ ಅವರ ನೆಲೆ.

ಈ ಕಾಗದವನ್ನು ಅರಸಿ ಹೊರಟ ನಮ್ಮ ದಾರಿ ಗ್ವೇಝೌದ ಗ್ವೇಯಾಂಗ್ ನಗರದಿಂದ ಆಗ್ನೇಯಕ್ಕೆ. 2014ರ ಡಿಸೆಂಬರಿನಲ್ಲಿ ಗ್ವಾಂಗ್‌ಝೌವರೆಗಿನ ವೇಗದ ರೈಲು ಶುರುವಾದ ಮೇಲೆ ಐದು ನಗಾರಿ ಗೋಪುರಗಳ ಝಾವ್‌ಶಿಂಗ್ ಊರು ಹತ್ತಿರವಾಗಿದೆ. ಲೀಪಿಂಗ್ ಕೌಂಟಿಯ ದಿಮೆನ್ ಹಳ್ಳಿ ಇನ್ನೂ ಒಳಗಿದೆ. ಮೆಟ್ಟಿಲು ಗದ್ದೆ, ಮರದ ಮನೆ, ಮಾಡು ಹೊದಿಸಿದ ಸೇತುವೆಗಳನ್ನು ದಾಟಿ ಅಲ್ಲಿಗೆ ಹೋಗಬೇಕು. 2005ರಲ್ಲಿ ಅಲ್ಲೊಂದು ಪರಿಸರ ವಸ್ತುಸಂಗ್ರಹಾಲಯ ತೆರೆಯಿತು. ಊರಿನ ಬದುಕೇ ಅದರ ಪ್ರದರ್ಶನ.

ಕಾಗದಕ್ಕಾಗಿ ಕೊಂಬೆ ಕಡಿದು ತೊಗಟೆ ಸುಲಿಯುವುದು ಮೊದಲ ಕೆಲಸ. ಮೇಲಿನ ಕಪ್ಪು ಸಿಪ್ಪೆ ಹೆರೆದರೆ ಉಳಿಯುವ ಬಿಳಿ ಪಟ್ಟಿಯನ್ನು ಬೂದಿ ನೀರಿನಲ್ಲೋ ಸುಣ್ಣದಲ್ಲೋ ಬೇಯಿಸುತ್ತಾರೆ. ನಾರನ್ನು ಅಂಟಿಸಿಟ್ಟ ಅಂಶ ಕರಗುತ್ತದೆ. ಹರಿಯುವ ನೀರಿನಲ್ಲಿ ತೊಳೆದು, ಕೊಡತಿಯಿಂದ ಬಡಿದರೆ ನಾರು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಈ ನಾರು ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ಉದ್ದ. ಕಾರ್ಖಾನೆಗೆ ಹೋಗುವ ಪೈನ್ ಮರದ ನಾರು ಸುಮಾರು 3 ಮಿಲಿಮೀಟರ್. ತೆಳುವಾದ ಹಾಳೆ ಮಡಚಿದರೂ ಹರಿಯದಿರುವುದರ ಗುಟ್ಟು ನಾರಿನ ಈ ಉದ್ದದಲ್ಲಿದೆ.

ಉದ್ದ ನಾರು ನೀರಿನಲ್ಲಿ ಬೇಗ ಗಂಟು ಕಟ್ಟುತ್ತದೆ. ಅದಕ್ಕೇ ಕಾಡು ಕಿವಿಹಣ್ಣಿನ ಬಳ್ಳಿಯ ಲೋಳೆ ಬೇಕು. ದಾಸವಾಳದ ಎಲೆ ಕಿವುಚಿದಾಗ ಬರುವ ಲೋಳೆಯನ್ನು ಬಲ್ಲವರಿಗೆ ಇದರ ಗುಣ ಕೂಡಲೇ ತಿಳಿಯುತ್ತದೆ. ಇದು ಅಂಟಲ್ಲ. ನೀರನ್ನು ಮಂದವಾಗಿಸಿ, ನಾರು ಒಂದಕ್ಕೊಂದು ಸುತ್ತಿಕೊಳ್ಳದೆ ತೇಲುವಂತೆ ಮಾಡುತ್ತದೆ. ಇಡೀ ಕಸುಬಿನ ಜಾಣ್ಮೆ ಈ ಒಂದು ಬಳ್ಳಿಯಲ್ಲಿದೆ ಎಂದರೂ ಸಲ್ಲುತ್ತದೆ.

ಗ್ವೇಝೌನಲ್ಲಿ ಹಾಳೆ ಎತ್ತುವ ಕ್ರಮ ಎರಡು. ದಾನ್‌ಝಾಯಿಯ ಮ್ಯಾವ್ ಜನರ ಶಿಚ್ಯಾವ್ ಹಳ್ಳಿಯಲ್ಲಿ ಬಿದಿರಿನ ಜರಡಿಯನ್ನು ತೊಟ್ಟಿಯಲ್ಲಿ ಅದ್ದಿ ಎತ್ತುತ್ತಾರೆ. ಒದ್ದೆ ಹಾಳೆಗಳನ್ನು ಒಟ್ಟಿ, ಒತ್ತಿ, ಆಮೇಲೆ ಗೋಡೆಗೆ ಹಚ್ಚಿ ಒಣಗಿಸುವುದು ಅಲ್ಲಿನ ರೂಢಿ. ಕಾಮ್ ಮನೆಗಳ ರೀತಿ ಬೇರೆ: ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ತಿರುಳು ಎರೆದು, ಚೌಕಟ್ಟಿನ ಸಮೇತ ಬಿಸಿಲಿಗೆ ಒರಗಿಸುತ್ತಾರೆ. ಒಂದು ಚೌಕಟ್ಟಿಗೆ ಒಂದೇ ಹಾಳೆ. ಕೆಲಸ ನಿಧಾನ, ಆದರೆ ತೊಟ್ಟಿ, ಒತ್ತುಯಂತ್ರ ಯಾವುದೂ ಬೇಡ.

ಹೆಂಗಸರು ಈ ಕಾಗದವನ್ನು ಕಸೂತಿಯ ನಮೂನೆ ಕತ್ತರಿಸಲು ಬಳಸುತ್ತಾರೆ. ಇನ್ನೂ ಸೊಗಸಾದದ್ದು ದಾರದ ಹೊತ್ತಿಗೆ. ನೀಲಿ ಬಟ್ಟೆಯ ಹೊದಿಕೆ ಬಿಚ್ಚಿದರೆ ಒಳಗೆ ಅಂಟಿಸಿದ ಕಾಗದದ ಪುಟ್ಟ ಪೆಟ್ಟಿಗೆಗಳು ಒಂದರ ಮೇಲೊಂದು ಅರಳುತ್ತವೆ. ಕೆಳಗಿನದು ದೊಡ್ಡದು, ಮೇಲಿನದು ಚಿಕ್ಕದು. ಸೂಜಿ, ಬಣ್ಣದ ನೂಲು, ಕತ್ತರಿಸಿದ ನಮೂನೆ ಎಲ್ಲಕ್ಕೂ ಅದರಲ್ಲಿ ಜಾಗವುಂಟು. ಮುಚ್ಚಿದಾಗ ಅದು ತೆಳ್ಳಗಿನ ಪುಸ್ತಕದಷ್ಟೇ.