ಟೊಳ್ಳು ಗಿಟಾರಿಗೆ ಎರಡು ಬೆಲೆ

ರಸಮಂಜರಿ ನೋಡಲು ಬಂದವರು ಗಾಯಕಿಯನ್ನು ನೋಡುತ್ತಾರೆ, ಕೀಬೋರ್ಡಿನವನನ್ನು ನೋಡುತ್ತಾರೆ, ರಿದಂ ಪ್ಯಾಡ್ ಬಾರಿಸುವವನಿಗೆ ಸಿಳ್ಳೆ ಹಾಕುತ್ತಾರೆ. ಬೇಸ್ ಗಿಟಾರಿನವನು ಹಿಂದೆ ಎಲ್ಲೋ ಕತ್ತಲಲ್ಲಿ ನಿಂತಿರುತ್ತಾನೆ. ಅವನೊಬ್ಬ ಇದ್ದ ಅಂತ ಜನಕ್ಕೆ ಗೊತ್ತಾಗುವುದು ಅವನು ನುಡಿಸುವುದನ್ನು ನಿಲ್ಲಿಸಿದಾಗ. ಎದೆಗೂಡಿನೊಳಗೆ ಗುಂ ಗುಂ ಅನ್ನುವ ಆ ಸದ್ದು ಅವನದು. ನಮ್ಮ ತಾಲ್ಲೂಕಿನ ಒಂದು ಸಣ್ಣ ತಂಡದಲ್ಲಿ ಆರು ವರ್ಷದಿಂದ ಆ ಜಾಗದಲ್ಲಿ ನಿಲ್ಲುವವನು ನಾನು. ವರದಿ ಬರೆಯುವುದು ಹಗಲಿನ ಕೆಲಸ, ಇದು ರಾತ್ರಿಯದು.

ನನ್ನ ಹತ್ತಿರ ಎರಡು ಬೇಸ್ ಇವೆ. ಒಂದು ಮಾಮೂಲಿ ಗಟ್ಟಿ ಮರದ್ದು. ಇನ್ನೊಂದು ಪಿಟೀಲಿನ ಆಕಾರದ್ದು, ಒಳಗೆ ಪೂರ್ತಿ ಟೊಳ್ಳು. ಈ ಥರದ ಟೊಳ್ಳು ಪಿಟೀಲು ಬೇಸಿಗೆ ಹೆಸರಾದದ್ದು ಜರ್ಮನಿಯ ಹೋಫ್ನರ್ ಕಂಪನಿ. ನನ್ನದು ಅವರದ್ದಲ್ಲ, ಅದರ ಅಗ್ಗದ ನಕಲು. ಯಾರು ಮಾಡಿದ್ದು ಅಂತ ಹೆಸರು ಬೇಡ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಇದನ್ನು ನುಡಿಸಿ ನುಡಿಸಿ ಹುಚ್ಚು ಹಿಡಿಸಿಕೊಂಡ. ಹಗಲು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿ ಅವನದು. ಒಂದು ದಿನ ಬಂದು, 'ಅಣ್ಣ, ಅಮ್ಮನ ಸರ ಅಡವಿಟ್ಟರೆ ಒರಿಜಿನಲ್ಲೇ ತಗೋಬಹುದು, ತಗೊಳ್ಳಲಾ?' ಅಂದ.

ಹೌದು ಅಥವಾ ಬೇಡ ಅಂತ ಒಂದು ಮಾತಲ್ಲಿ ಹೇಳುವ ವಿಷಯ ಅದಲ್ಲ. ಒಬ್ಬರ ಕುತ್ತಿಗೆಯ ಸರದ ಪ್ರಶ್ನೆ. ಹಾಗಾಗಿ ಅವನಿಗೆ ಏನು ಹೇಳಿದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಿಟಾರ್ ಕೊಳ್ಳದವರಿಗೂ ಕತೆ ಹಿಡಿಸಬಹುದು, ಯಾಕೆಂದರೆ ಇದರಲ್ಲಿ ಒಂದು ಹಳ್ಳಿಯ ಕತೆಯೂ ಇದೆ.

ಕಾರ್ಲ್ ಹೋಫ್ನರ್ ಅನ್ನುವವರು 1887ರಲ್ಲಿ ಶೋನ್‌ಬಾಖ್ ಎಂಬ ಊರಿನಲ್ಲಿ ಪಿಟೀಲು ಮಾಡುವ ಕೆಲಸ ಶುರು ಮಾಡಿದರು. ಇವತ್ತು ಆ ಊರು ಚೆಕ್ ದೇಶದಲ್ಲಿದೆ, ಹೆಸರು ಲೂಬಿ. ಮನೆಮನೆಯಲ್ಲೂ ತಂತಿವಾದ್ಯ ಮಾಡುತ್ತಿದ್ದ ಊರು ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿದ್ದ ಜರ್ಮನ್ ಭಾಷೆಯವರನ್ನೆಲ್ಲ ಹೊರಹಾಕಲಾಯಿತು. ಉಳಿ, ಗರಗಸ ಹಿಡಿದ ಕೈಗಳು ಮನೆ ಇಲ್ಲದೆ ಜರ್ಮನಿಗೆ ಬಂದವು. ಬವೇರಿಯಾ ರಾಜ್ಯದ ಬೂಬೆನ್‌ರಾಯ್ತ್ ಅನ್ನುವ ಹಳ್ಳಿ, ಕೆಲವೇ ನೂರು ಜನರಿದ್ದ ರೈತರ ಊರು, 1949ರಲ್ಲಿ ಈ ವಾದ್ಯಗಾರರಿಗೆ ಜಾಗ ಕೊಡಲು ಒಪ್ಪಿತು. ತಮಗಿಂತ ಹೆಚ್ಚು ಜನ ಬಂದು ನೆಲೆಸುತ್ತಾರೆ ಅಂತ ಗೊತ್ತಿದ್ದೂ ಒಪ್ಪಿದ ಹಳ್ಳಿ. ಹೋಫ್ನರ್ ಕಾರ್ಖಾನೆ ಮತ್ತೆ ಎದ್ದು ನಿಂತದ್ದು ಅಲ್ಲೇ.

ಕಾರ್ಲ್ ಅವರ ಮಗ ವಾಲ್ಟರ್ ಹೋಫ್ನರ್ 1956ರ ಹೊತ್ತಿಗೆ ಈ ಬೇಸ್ ರೂಪಿಸಿದರು. ಮಾಡೆಲ್ ಹೆಸರು 500/1. ಎಲೆಕ್ಟ್ರಿಕ್ ಬೇಸ್ ಆಗಿನ್ನೂ ಹೊಸದು. ಅದಕ್ಕೂ ಮುಂಚೆ ಬೇಸ್ ಅಂದರೆ ಆಳೆತ್ತರದ, ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲಿನಂಥದ್ದು. ಅದನ್ನು ನುಡಿಸುವವರಿಗೆ ಹೊಸದು ಪರಕೀಯ ಅನ್ನಿಸಬಾರದಲ್ಲ, ಅದಕ್ಕೆ ಪಿಟೀಲಿನದೇ ಆಕಾರ. ಒಳಗೆ ಟೊಳ್ಳು ಇಟ್ಟದ್ದೂ ಪಿಟೀಲು ಮಾಡುವವರ ಅಭ್ಯಾಸದಿಂದಲೇ. ಆದರೆ ಪಿಟೀಲಿನ ಮುಖದ ಮೇಲೆ ಬಾಗಿದ ಎರಡು ತೂತು ಇರುತ್ತವಲ್ಲ, ಅವು ಇದರಲ್ಲಿ ಇಲ್ಲ.

ಈಗ ಬೆಲೆಯ ವಿಷಯಕ್ಕೆ ಬರುತ್ತೇನೆ. 1961ರಲ್ಲಿ ಬೀಟಲ್ಸ್ ಎಂಬ ಇಂಗ್ಲೆಂಡಿನ ಹುಡುಗರ ತಂಡ ಜರ್ಮನಿಯ ಹ್ಯಾಂಬರ್ಗ್ ಬಂದರಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸುತ್ತಿತ್ತು. ಆಗ ಅವರನ್ನು ಯಾರೂ ಕೇಳುವವರಿರಲಿಲ್ಲ, ನಮ್ಮ ತಂಡದ ಹಾಗೇ ಅನ್ನಿ. ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ತಂಡ ಬಿಟ್ಟರು. ಬೇರೆ ಯಾರಿಗೂ ಆ ಹಿಂದಿನ ಜಾಗ ಬೇಡ. ಕೊನೆಗೆ ಪಾಲ್ ಮೆಕಾರ್ಟ್ನಿ ತಲೆಗೆ ಬಿತ್ತು. ಅಂಗಡಿಯಲ್ಲಿ ಅಮೆರಿಕದ ಫೆಂಡರ್ ಬೇಸ್ ಸುಮಾರು 100 ಪೌಂಡ್. ಈ ಹೋಫ್ನರ್ ಸುಮಾರು 30 ಪೌಂಡ್. ಮೆಕಾರ್ಟ್ನಿ ತಗೊಂಡದ್ದು 30 ಪೌಂಡಿನದ್ದು. ತಾವು ಎಡಗೈಯವರಾದ್ದರಿಂದ ಎರಡೂ ಪಕ್ಕ ಒಂದೇ ಸಮ ಇರುವ ಆಕಾರ ತಿರುಗಿಸಿ ಹಿಡಿದರೂ ಚೆನ್ನಾಗಿ ಕಾಣುತ್ತದೆ ಅನ್ನುವುದೂ ಒಂದು ಕಾರಣ ಅಂತ ಅವರೇ ಹೇಳಿದ್ದಾರೆ. ಇನ್ನೊಂದು ಕಾರಣ ಅವರ ಅಪ್ಪ. ಲಿವರ್‌ಪೂಲಿನಲ್ಲಿ ಹತ್ತಿ ವ್ಯಾಪಾರದಲ್ಲಿ ಕೆಲಸಕ್ಕಿದ್ದ ಮನುಷ್ಯ, ಸಾಲ ಮಾಡಬೇಡ ಅಂತ ಮಕ್ಕಳ ತಲೆಗೆ ತುಂಬಿದ್ದರಂತೆ. ತಂಡದ ಉಳಿದವರು ಕಂತಿನ ಮೇಲೆ ಒಳ್ಳೆಯ ಗಿಟಾರ್ ತಂದುಕೊಂಡರು, ಇವರು ಕೈಲಿದ್ದ ಕಾಸಿಗೆ ಬರುವುದನ್ನು ತಂದರು.

ಅಂದರೆ ಇವತ್ತು 'ಒರಿಜಿನಲ್' ಅಂತ ನಮ್ಮ ಹುಡುಗ ಕನಸು ಕಾಣುವ ವಾದ್ಯ ಹುಟ್ಟಿನಲ್ಲಿ ದುಬಾರಿಯದ್ದೇ ಅಲ್ಲ. ದುಬಾರಿಯದ್ದು ಕೊಳ್ಳಲಾಗದವನು ತಂದ ಅಗ್ಗದ ವಾದ್ಯ ಅದು. ಆಮೇಲೆ ಬೀಟಲ್ಸ್ ಲೋಕಕ್ಕೆಲ್ಲ ಗೊತ್ತಾದರು, ಜೊತೆಗೆ ಈ ಪಿಟೀಲು ಆಕಾರವೂ. ಆ 1961ರ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಐವತ್ತು ವರ್ಷ ಯಾವುದೋ ಮನೆಯ ಅಟ್ಟ ಸೇರಿಕೊಂಡಿತ್ತು. ಸಿಕ್ಕಿ ವಾಪಸ್ ಬಂತು ಅನ್ನುವ ಸುದ್ದಿ ಹೊರಬಿದ್ದದ್ದು 2024ರ ಫೆಬ್ರವರಿಯಲ್ಲಿ. ಈಗ ಅದಕ್ಕೆ ಬೆಲೆ ಕಟ್ಟುವವರು ಕೋಟಿಗಳಲ್ಲಿ ಮಾತಾಡುತ್ತಾರೆ.

ಇವತ್ತಿನ ಲೆಕ್ಕ ಹೀಗಿದೆ. ಹೋಫ್ನರ್ ತಾನೇ ಮೂರು ದರ್ಜೆ ಮಾಡಿದೆ. ಜರ್ಮನಿಯಲ್ಲಿ ಕೈಯಿಂದ ಮಾಡುವ 500/1 ಮೇಲಿನದ್ದು, ಅಮೆರಿಕದ ಅಂಗಡಿಗಳಲ್ಲಿ ಎರಡೂವರೆ ಸಾವಿರ ಡಾಲರಿಗೂ ಮೇಲೆ. ಕೆಳಗಿನದ್ದು ಇಗ್ನಿಷನ್, 400 ಡಾಲರಿನ ಆಸುಪಾಸು. ನಡುವೆ ಕಂಟೆಂಪರರಿ ಅಂತ ಒಂದು. ಕೆಳಗಿನ ಎರಡೂ ಏಷ್ಯಾದ ಕಾರ್ಖಾನೆಗಳಲ್ಲಿ ಆಗುತ್ತವೆ. ಮೂರಕ್ಕೂ ಪಿಟೀಲಿನದೇ ಮರ, ಮುಂದೆ ಸ್ಪ್ರೂಸ್, ಹಿಂದೆ ಮೇಪಲ್. ತಂತಿಯ ಉದ್ದವೂ ಒಂದೇ, 30 ಇಂಚು. ಮಾಮೂಲಿ ಬೇಸ್‌ಗೆ 34 ಇಂಚು ಇರುತ್ತದೆ. ಉದ್ದ ಕಡಿಮೆ ಇದ್ದಾಗ ತಂತಿಯ ಬಿಗಿ ಕಡಿಮೆ, ಬೆರಳಿಗೆ ಸುಲಭ, ಸದ್ದು ಮೆತ್ತಗೆ, ದುಂಡಗೆ. ಜರ್ಮನಿಯದ್ದು ನಮ್ಮೂರಿಗೆ ಬರುವಷ್ಟರಲ್ಲಿ ಆಮದು ಸುಂಕ, ತೆರಿಗೆ ಎಲ್ಲ ಸೇರಿ 2 ಲಕ್ಷ ಸುಲಭವಾಗಿ ದಾಟುತ್ತದೆ.

ಹುಡುಗ ಇದನ್ನೆಲ್ಲ ಯೂಟ್ಯೂಬಿನಲ್ಲಿ ನೋಡಿದ್ದ. ಅಗ್ಗದ್ದು, ದುಬಾರಿಯದ್ದು ಪಕ್ಕಪಕ್ಕ ಇಟ್ಟು ನುಡಿಸುವ ವಿಡಿಯೋಗಳು ಬೇಕಾದಷ್ಟಿವೆ. 'ಎಷ್ಟು ವ್ಯತ್ಯಾಸ ನೋಡಣ್ಣ' ಅಂತ ಮೊಬೈಲ್ ಹಿಡಿದ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಮೊಬೈಲಿನ ಪುಟ್ಟ ಸ್ಪೀಕರಿನಿಂದ ಹೊರಗೇ ಬರುವುದಿಲ್ಲ. ನಾವು ಕೇಳುವುದು ಅದರ ಮೇಲಿನ ಛಾಯೆ ಮಾತ್ರ. ಫೋನಿನಲ್ಲಿ ಕೇಳಿ ಬೇಸ್ ಕೊಳ್ಳುವುದು ಅಂದರೆ ಫೋಟೋ ನೋಡಿ ಮಾವಿನಹಣ್ಣಿನ ರುಚಿ ಹೇಳಿದ ಹಾಗೆ. ಕೊನೇ ಪಕ್ಷ ಇಯರ್‌ಫೋನ್ ಆದರೂ ಹಾಕಿ.

ಅದೃಷ್ಟಕ್ಕೆ ನಿಜವಾದದ್ದೇ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಗೆಳೆಯರೊಬ್ಬರ ಹತ್ತಿರ ಜರ್ಮನಿಯ 500/1 ಇದೆ. ಹಬ್ಬಕ್ಕೆ ಊರಿಗೆ ಬಂದವರು ಎರಡು ದಿನ ನಮ್ಮ ರಿಹರ್ಸಲ್ ರೂಮಿನಲ್ಲಿ ಬಿಟ್ಟುಹೋದರು. ಎರಡಕ್ಕೂ ಒಂದೇ ಥರದ ಚಪ್ಪಟೆ ಸುತ್ತಿನ ತಂತಿ, ಫ್ಲಾಟ್‌ವೌಂಡ್ ಅನ್ನುತ್ತಾರಲ್ಲ, ಅದಿತ್ತು. ಆಂಪ್ಲಿಫಯರೂ ಒಂದೇ.

ಎತ್ತಿದ ಕೂಡಲೇ ಗೊತ್ತಾಗುವುದು ತೂಕ. ಜರ್ಮನಿಯದ್ದು ಒಣ ಸೋರೆಬುರುಡೆ ಎತ್ತಿದ ಹಾಗಿದೆ. ನನ್ನ ನಕಲೂ ಹಗುರವೇ, ಆದರೆ ಕತ್ತಿನ ಕಡೆ ವಾಲುತ್ತದೆ, ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದೇ ನುಡಿಸಬೇಕು. ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಭುಜ ಇದರ ಲೆಕ್ಕ ಇಟ್ಟುಕೊಳ್ಳುತ್ತದೆ. ಕತ್ತಿನ ಮೇಲೆ ಕೈ ಓಡಿಸಿದರೆ ಅವರದ್ದರಲ್ಲಿ ಫ್ರೆಟ್ ತುದಿಗಳು ಬೆರಳಿಗೆ ತಾಗುವುದೇ ಇಲ್ಲ. ನನ್ನದು ಬಂದಾಗ ಗರಗಸದ ಹಾಗಿತ್ತು, ಸಣ್ಣ ಅರದಲ್ಲಿ ಉಜ್ಜಿ ಸರಿಮಾಡಿಕೊಂಡೆ, ಅರ್ಧ ದಿನದ ಕೆಲಸ.

ಆಮೇಲೆ ಕುದುರೆ. ವೀಣೆಯಲ್ಲಿ ತಂತಿ ಹೊರುವ ಕುದುರೆ ಇರುತ್ತದಲ್ಲ, ಇದರಲ್ಲೂ ಹಾಗೇ ಮರದ ಕುದುರೆ, ಅಂಟಿಸಿರುವುದಿಲ್ಲ. ತಂತಿಯ ಒತ್ತಡಕ್ಕೆ ಸುಮ್ಮನೆ ಕೂತಿರುತ್ತದೆ. ಅದು ಒಂದು ನೂಲು ಆಚೀಚೆ ಆದರೂ ಮೇಲಿನ ಸ್ವರಗಳೆಲ್ಲ ಅಪಸ್ವರ. ಹನ್ನೆರಡನೇ ಫ್ರೆಟ್ ಮೇಲೆ ಒತ್ತಿ ಬರುವ ಸ್ವರವೂ, ಅದೇ ಜಾಗದಲ್ಲಿ ಹಗುರಾಗಿ ಮುಟ್ಟಿದಾಗ ಬರುವ ಸ್ವರವೂ ಒಂದೇ ಆಗುವ ತನಕ ಸರಿಸಬೇಕು. ಸರಿಯಾದ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಡಬೇಕು. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಕುದುರೆ ಕೈಗೆ ಬರುತ್ತದೆ. ಇದು 2 ಲಕ್ಷದ್ದಕ್ಕೂ ಅಷ್ಟೇ, 20 ಸಾವಿರದ್ದಕ್ಕೂ ಅಷ್ಟೇ.

ಪಿಕಪ್ ಬಗ್ಗೆ ಹುಡುಗನಿಗೆ ನಾನು ಹೇಳಿಕೊಡಬೇಕಾಗಲಿಲ್ಲ, ಅವನೇ ನನಗೆ ಹೇಳಿದ. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಕರೆಂಟು. ಅವನು ದಿನಾ ಮಾಡುವ ಮೋಟಾರಿನ ಕೆಲಸದ ಚಿಕ್ಕ ತಮ್ಮ. ನನ್ನ ಬೇಸಿನಲ್ಲಿ ಸದಾ ಒಂದು ಜುಂಯ್ ಸದ್ದು ಇರುತ್ತಿತ್ತು. ಅವನು ಮುಚ್ಚಳ ಬಿಚ್ಚಿ ನೋಡಿದ. ಅರ್ತಿಂಗ್ ತಂತಿಯ ಬೆಸುಗೆ ಅರ್ಧ ಬಿಟ್ಟಿತ್ತು. ಹತ್ತು ನಿಮಿಷದಲ್ಲಿ ಬೆಸೆದ, ಸದ್ದು ಹೋಯಿತು. ಖರ್ಚು ಒಂದು ಚಹಾ.

ಇದರಿಂದ ನನಗೆ ತಿಳಿದದ್ದು, ಅಗ್ಗದ ವಾದ್ಯದ ಕೊರತೆಯಲ್ಲಿ ಎರಡು ಜಾತಿ ಇವೆ. ಫ್ರೆಟ್ ತುದಿ, ಕುದುರೆ, ಬೆಸುಗೆ, ಸಡಿಲ ಬಿರಡೆ, ಹಾಳು ತಂತಿ, ಇವೆಲ್ಲ ಕಾರ್ಖಾನೆಯವರು ಕೊಡದೆ ಉಳಿಸಿಕೊಂಡ ಸಮಯ. ಆ ಸಮಯ ನಾವು ಕೊಟ್ಟರೆ ಸರಿಹೋಗುತ್ತದೆ. ಕತ್ತು ತಿರುಚಿಕೊಂಡಿರುವುದು, ಮರ ದಪ್ಪಗೆ ಸತ್ತಂತಿರುವುದು, ಇದಕ್ಕೆ ಔಷಧ ಇಲ್ಲ. ಅಂಗಡಿಯಲ್ಲಿ ನೋಡಬೇಕಾದ್ದು ಎರಡನೆಯದನ್ನು. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಗಾಳದ ಕೋಲು ನೋಡುವ ಹಾಗೆ ಕತ್ತು ನೋಡಿ. ಬಣ್ಣ ಆಮೇಲೆ ನೋಡಿದರಾಯಿತು.

ಸದ್ದಿನ ವಿಷಯ. ಒಂದೊಂದನ್ನೇ ನುಡಿಸಿದಾಗ ಜರ್ಮನಿಯದ್ದು ಮೇಲು, ಅದರಲ್ಲಿ ಅನುಮಾನವೇ ಇಲ್ಲ. ಕೆಳಗಿನ ತಂತಿಯಿಂದ ಮೇಲಿನ ತಂತಿಯವರೆಗೆ ಎಲ್ಲ ಸ್ವರವೂ ಒಂದೇ ತೂಕದಲ್ಲಿ ಬರುತ್ತದೆ. ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಬೈಯುವ ಹಾಗೆ ಉತ್ತರ ಕೊಡುತ್ತದೆ. ನನ್ನದರಲ್ಲಿ ಒಂದೆರಡು ಸ್ವರ ಉಬ್ಬುತ್ತವೆ, ಒಂದೆರಡು ಕುಗ್ಗುತ್ತವೆ. ಹುಡುಗ ಜರ್ಮನಿಯದ್ದನ್ನು ನುಡಿಸುವಾಗ ಅವನ ಮುಖ ನೋಡಿ ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ಮತ್ತೆ ನಮ್ಮ ಕೀಬೋರ್ಡಿನವರನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿದೆವು. ಪೂರ್ತಿ ತಂಡ ನುಡಿಸಿತು, ಪ್ಯಾಡು, ಢೋಲಕ್, ಹಾಡು ಎಲ್ಲ. ಹಾಡಿನಿಂದ ಹಾಡಿಗೆ ಬೇಸ್ ಬದಲಾಯಿಸಿದೆವು. ಎಂಟು ಹಾಡಿನಲ್ಲಿ ಅವರು ಸರಿ ಹೇಳಿದ್ದು ನಾಲ್ಕು. ಕಣ್ಣು ಮುಚ್ಚಿ ನಾಣ್ಯ ಎಸೆದರೂ ಅಷ್ಟೇ ಬರುತ್ತಿತ್ತು. ಇಪ್ಪತ್ತು ವರ್ಷ ಕೀಬೋರ್ಡ್ ನುಡಿಸಿದ ಕಿವಿ ಅದು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಜಾತ್ರೆಯ ಸ್ಪೀಕರುಗಳ ಎತ್ತರ ನಿಮಗೆ ಗೊತ್ತು. ಟೊಳ್ಳು ವಾದ್ಯದ ಸ್ವಭಾವ ಏನೆಂದರೆ, ಸ್ಪೀಕರಿನ ಸದ್ದಿಗೆ ಅದರ ಹೊಟ್ಟೆಯೇ ನಡುಗುತ್ತದೆ. ಆ ನಡುಕ ಪಿಕಪ್ಪಿಗೆ, ಪಿಕಪ್ಪಿನಿಂದ ಮತ್ತೆ ಸ್ಪೀಕರಿಗೆ. ಸುತ್ತಿ ಸುತ್ತಿ ಹೂ ಅಂತ ಊಳಿಡಲು ಶುರು. ವಾಲ್ಯೂಮ್ ಏರಿಸಿದಾಗ ಎರಡೂ ಊಳಿಟ್ಟವು. ಮರ ಒಳ್ಳೆಯದಾದಷ್ಟೂ ಹೊಟ್ಟೆ ಚೆನ್ನಾಗಿ ನಡುಗುತ್ತದೆ, ಅದಕ್ಕೇ ಅಲ್ಲವೇ ದುಡ್ಡು ಕೊಡುವುದು. ಇದು ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ನಡುವಿನ ದರ್ಜೆಯ ಕಂಟೆಂಪರರಿಯ ಹೊಟ್ಟೆಯೊಳಗೆ ಒಂದು ಮರದ ದಿಮ್ಮಿ ಇಟ್ಟಿರುವುದು ಈ ಊಳು ತಗ್ಗಿಸುವುದಕ್ಕೇ. ಅಂದರೆ ನಮ್ಮಂಥವರ ಸ್ಟೇಜಿಗೆ ಅತಿ ದುಬಾರಿಯದ್ದಕ್ಕಿಂತ ಅದರ ಅರ್ಧಕ್ಕೂ ಕಡಿಮೆ ಬೆಲೆಯದ್ದು ವಾಸಿ. ಇದನ್ನು ಕೇಳಿ ಹುಡುಗ ಒಪ್ಪಲಿಲ್ಲ, ಸ್ಪೀಕರಿನಿಂದ ದೂರ ನಿಂತು ನುಡಿಸುತ್ತೇನೆ ಅಂದ.

ಆಗ ಲೆಕ್ಕ ತೆಗೆದೆವು. ನಮಗೆ ಒಂದು ರಾತ್ರಿಗೆ 1,500 ರೂಪಾಯಿ. 2 ಲಕ್ಷ ಅಂದರೆ 133 ರಾತ್ರಿ. ನಮ್ಮ ತಂಡಕ್ಕೆ ವರ್ಷಕ್ಕೆ ನಲವತ್ತು ಕಾರ್ಯಕ್ರಮ ಸಿಕ್ಕರೆ ಹೆಚ್ಚು. ಬಸ್ಸು, ಊಟ ಲೆಕ್ಕಕ್ಕಿಲ್ಲದೆ, ಬಡ್ಡಿ ಲೆಕ್ಕಕ್ಕಿಲ್ಲದೆ ಮೂರು ವರ್ಷ ದಾಟುತ್ತದೆ. ಅಷ್ಟೂ ದಿನ ಅಮ್ಮನ ಸರ ಸೊಸೈಟಿಯ ಲಾಕರಿನಲ್ಲಿ. ಅವನು ಚೀಟಿಯ ಹಿಂದೆ ಬರೆದುಕೊಂಡ, ಎರಡು ಸಲ ಕೂಡಿಸಿದ.

ದುಬಾರಿಯದ್ದು ಮೋಸ ಅಂತ ನಾನು ಹೇಳಲಾರೆ. ಅದರ ಬೆಲೆಯಲ್ಲಿ ಜರ್ಮನಿಯ ಕೆಲಸಗಾರರ ಕೂಲಿ ಇದೆ, ಆ ಕೂಲಿ ಮರ್ಯಾದೆಯದ್ದು. ಮಾರಿದರೆ ಬೆಲೆ ನಿಲ್ಲುತ್ತದೆ. ಸ್ಟುಡಿಯೋದಲ್ಲಿ ಒಬ್ಬನೇ ಕೂತು ರೆಕಾರ್ಡ್ ಮಾಡುವವನಿಗೆ ಅದು ಕೊಟ್ಟ ದುಡ್ಡಿಗೆ ಸರಿಯಾದ ವಸ್ತು. ಒಂದು ಭಾಗ ಮಾತ್ರ ಮೆಕಾರ್ಟ್ನಿ ಹೆಸರಿಗೆ ಕೊಡುವ ದುಡ್ಡು. ಅವರು ಮಾತ್ರ ಹಾಗೆ ಯಾರ ಹೆಸರಿಗೂ ದುಡ್ಡು ಕೊಡಲಿಲ್ಲ.

ಹುಡುಗ ಮುಂದಿನ ವಾರ ಅಂಗಡಿಗೆ ಹೋಗಿ ನಕಲು ಬೇಸುಗಳಲ್ಲಿ ಐದನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಕತ್ತು ನೋಡಿ, ನಾಲ್ಕನ್ನು ವಾಪಸ್ ಇಟ್ಟನಂತೆ. ಐದನೆಯದಕ್ಕೆ 19 ಸಾವಿರ ಕೊಟ್ಟ. ಫ್ಲಾಟ್‌ವೌಂಡ್ ತಂತಿಗೆ ಮತ್ತೆ ನಾಲ್ಕು ಸಾವಿರ ಅಂದಾಗ ಮಾತ್ರ ಮುಖ ಸಿಂಡರಿಸಿದ. ಈಗ ಅಂಗಡಿಯಲ್ಲಿ ಮೋಟಾರ್ ಪಕ್ಕಕ್ಕಿಟ್ಟು ಪಿಕಪ್ ಬಿಚ್ಚಿ ಹೊಸದಾಗಿ ಸುತ್ತಲು ಕೂತಿದ್ದಾನೆ. ಅಷ್ಟು ಸಣ್ಣ ತಾಮ್ರದ ತಂತಿ ತಾಲ್ಲೂಕಿನಲ್ಲಿ ಸಿಗುತ್ತಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿಕೊಂಡು ಬಾ ಅಂತ ನನಗೆ ಹೇಳಿದ್ದಾನೆ.