ಮಾದಿಹಳ್ಳಿಯಲ್ಲೊಂದು ಮುಂಜಾನೆ

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯನ್ನು ಕಂಡುಬಂದವರು ಅಸಂಖ್ಯಾತರು. ಅದೇ ಬೇಲೂರು ತಾಲ್ಲೂಕಿನ ಮಾದಿಹಳ್ಳಿಗೆ ಹೋಗಿಬಂದೆವೆನ್ನುವವರು ವಿರಳ. ಹೋಬಳಿಯ ಊರಾದರೂ ಪ್ರವಾಸಿಗರ ಕೈಪಿಡಿಗಳಲ್ಲಿ ಅದರ ಹೆಸರು ಅಪರೂಪ. ಮಿತ್ರರೊಬ್ಬರ ಗೃಹಪ್ರವೇಶದ ನೆಪದಿಂದ ನನಗೆ ಆ ಭಾಗ್ಯ ಒದಗಿತು. ಅದು 2023ರ ಮೇ ತಿಂಗಳು. ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದು ವಾರ ಕಳೆದಿತ್ತು.

ಹಿಂದಿನ ದಿನ ಹಳೇಬೀಡಿನಲ್ಲಿ ಇಳಿದು ಗುಡಿಯ ಆವರಣದಲ್ಲಿರುವ ಗರುಡಗಂಬವನ್ನು ನೋಡಿದ್ದೆ. ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಅವನ ನಚ್ಚಿನ ಕುವರ ಲಕ್ಷ್ಮನು ಮಡದಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣವನ್ನೊಪ್ಪಿಸಿದುದನ್ನು ಸಾರುವ ಕಂಬವದು. ತಾನು ಯಾರ ಕಡೆಯವನೆಂಬುದನ್ನು ಕಲ್ಲಿನಲ್ಲಿ ಉಳಿಸಿಹೋದವರ ನೆಲವಿದು ಎಂದುಕೊಂಡೇ ಮಾದಿಹಳ್ಳಿಗೆ ಬಂದೆ.

ಬೆಳಗಿನ ಕಾಫಿಗೆಂದು ಮಿತ್ರರು ಸಣ್ಣದೊಂದು ಹೋಟೆಲಿಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ತೆಂಗಿನ ತೋಟದ ಗೌಡರೊಬ್ಬರು ಗೆದ್ದವರನ್ನೂ ಸೋತವರನ್ನೂ ಏರುದನಿಯಲ್ಲಿ ತೂಗಿನೋಡುತ್ತಿದ್ದರು. ನಾಲ್ಕು ಮಂದಿ ತಲೆದೂಗುತ್ತಿದ್ದರು. ಹೋಟೆಲಿನ ಯಜಮಾನ ಮಾತ್ರ ತುಟಿ ಬಿಚ್ಚಲಿಲ್ಲ. "ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದೆ. ಆತ ನಕ್ಕು, ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸಿದ.

ಗಿರಾಕಿಗಳು ಚದುರಿದ ಮೇಲೆ ತಾನಾಗಿಯೇ ಹೇಳಿದ: "ಗೌಡ್ರಿಗೆ ತೋಟ ಐತೆ ಮೇಷ್ಟ್ರೇ. ಅವರ ಮಾತು ಹಿಡಿಸ್ದೇ ಇದ್ರೂ ತೆಂಗು ಕಾಯಿ ಬಿಡ್ತದೆ. ನನ್ನ ಮಾತು ಹಿಡಿಸ್ದೇ ಹೋದ್ರೆ ನಾಳೆ ಅರ್ಧ ಜನ ಇಲ್ಲಿಗೆ ಬರಾಕಿಲ್ಲ."

"ಮತವಂತೂ ಗುಟ್ಟಲ್ಲವೇ?" ಎಂದೆ.

"ನಂದು ಗುಟ್ಟು. ನಮ್ಮ ಬೂತಿಂದು ಗುಟ್ಟಾ?"

ನಾನು ನಿರುತ್ತರನಾದೆ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರಗಳು ಬಂದ ಮೇಲೆ ಒಂದೊಂದು ಮತಗಟ್ಟೆಯ ಲೆಕ್ಕವೂ ಬೇರೆಬೇರೆಯಾಗಿ ಬಯಲಾಗುತ್ತದೆ. ಯಾವ ಕೇರಿ ಯಾರ ಕೈಹಿಡಿಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಸಾಧನವೊಂದನ್ನು ಚುನಾವಣಾ ಆಯೋಗವು 2008ರಲ್ಲಿಯೇ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಶಿಫಾರಸು ಮಾಡಿತು. ಆದರೂ ಆ ಚುನಾವಣೆಯಲ್ಲಿ ಅದು ಬಳಕೆಗೆ ಬಂದಿರಲಿಲ್ಲ. ಪುಸ್ತಕದಲ್ಲಿ ಓದಿದ್ದ ಈ ಸಂಗತಿಯ ಭಾರ ಎಷ್ಟೆಂಬುದು ನನಗೆ ತಿಳಿದದ್ದು ಆ ಹೋಟೆಲಿನಲ್ಲಿ.

ಕಾಫಿಯ ಲೋಟವನ್ನು ಎತ್ತಿಕೊಳ್ಳುತ್ತ ಆತ ಸಹಜವಾಗಿ ಕೇಳಿದ: "ಕಾಲೇಜಲ್ಲಿ ನೀವೆಲ್ಲ ಮನಸ್ಸಿನಾಗೆ ಇರೋದನ್ನ ಹೇಳ್ತೀರಾ?"

ಹಿಂದೊಮ್ಮೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ, ರಾಜಕೀಯದ ಒಂದು ಮಾತಿಗಾಗಿ ಕಿರಿಯ ಸಹೋದ್ಯೋಗಿಯೊಬ್ಬರನ್ನು ನಾಲ್ವರು ಸೇರಿ ಹೀಯಾಳಿಸಿದ್ದರು. ಅವರ ಮಾತು ಸರಿಯೆಂದು ನನಗೆ ಅನ್ನಿಸಿತ್ತು. ಆದರೂ ಪತ್ರಿಕೆಯಿಂದ ಮುಖವೆತ್ತಲಿಲ್ಲ. ಅಂದು ನನ್ನ ಅನ್ನಕ್ಕೇನೂ ಸಂಚಕಾರವಿರಲಿಲ್ಲ. ನಾಲ್ವರ ಮುಖ ಕಹಿಯಾದೀತೆಂಬ ಅಳುಕಷ್ಟೇ. ಬಾಯಿ ಮುಚ್ಚಿದವನಿಗೆ ಅಭಿಪ್ರಾಯವಿಲ್ಲವೆಂದು ತಿಳಿಯುವುದು ತಪ್ಪು. ಎಲ್ಲರ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. ಹೊಟ್ಟೆಪಾಡಿಗಾಗಿ ಸುಮ್ಮನಿರುವವನ ಮೌನ ಬೇರೆ, ಸಂಕೋಚಕ್ಕಾಗಿ ಸುಮ್ಮನಿರುವವನದು ಬೇರೆ.

"ಇಲ್ಲ ಯಜಮಾನರೇ, ಹೇಳುವುದಿಲ್ಲ" ಎಂದೆ.

ಆತ ನನ್ನನ್ನು ಹಂಗಿಸಲಿಲ್ಲ. ಕಾಸು ಎಣಿಸಿ ಚಿಲ್ಲರೆ ಕೊಟ್ಟ. ಊರಿಗೆ ಮರಳಿದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ, ಆ ಕಿರಿಯ ಮಿತ್ರರ ಮನೆಗೆ ಹೋಗಿ, ಅಂದು ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಹೇಳಿದ್ದು. ಕೊಠಡಿಯಲ್ಲಿ ನಾಲ್ವರೆದುರು ಅದನ್ನು ಹೇಳುವ ಕೆಲಸ ಇನ್ನೂ ಬಾಕಿಯಿದೆ.