ನೀರಿನ ಹೆಸರುಗಳು

ವಸತಿಶಾಲೆಯ ಪ್ರವೇಶ ಪರೀಕ್ಷೆಗೆಂದು ಅಪ್ಪ ನನ್ನಿಂದ ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡಿಸುತ್ತಿದ್ದ. ನೀರೆಂದರೆ ಜಲ, ಉದಕ, ವಾರಿ, ಸಲಿಲ, ತೋಯ, ಅಂಬು. ಅಮರಕೋಶದಲ್ಲಿ 20ಕ್ಕೂ ಹೆಚ್ಚು ಹೆಸರುಗಳಿವೆ, ‘ಜೀವನ’ವೂ ಅದರಲ್ಲೊಂದು ಎಂದು ಹಿಗ್ಗುತ್ತಿದ್ದ. ನನಗೋ ಹೊಟ್ಟೆನೋವು. ಆ ಬೇಸಿಗೆಯಲ್ಲಿ ಊರಬಾವಿ ಬತ್ತಿತ್ತು. ಖಾಲಿ ಕೊಡ ಇಳಿಸಿದ ಅವ್ವ, “ಇಷ್ಟು ಹೆಸರದಾವಲ್ಲ, ಯಾವ ಹೆಸರು ಹಿಡದು ಕರದ್ರ ಬಾವಿಗೆ ಬರತೈತಿ?” ಎಂದಳು. ಅಪ್ಪ ನಗಲಿಲ್ಲ.

ಪರೀಕ್ಷೆಯಲ್ಲಿ ‘ಅಂಬು’ವೇ ಬಂತು. ಕೆಳಗೆ ನೀರೂ ಇತ್ತು, ಬಾಣವೂ ಇತ್ತು. ಸಂಸ್ಕೃತಕ್ಕೆ ಅದು ನೀರು, ಕನ್ನಡಕ್ಕೆ ಬಾಣ; ಎರಡೂ ಸರಿಯೇ. ಅಪ್ಪನನ್ನು ನೆನೆದು ನೀರಿಗೆ ಗುರುತು ಹಾಕಿದೆ.

ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಆ ಒಂದು ಅಂಕವೇ ಕೈಕೊಟ್ಟಿತೆಂದು ಅಪ್ಪ ಕೊನೆತನಕ ನಂಬಿದ್ದ. ಲೆಕ್ಕದಲ್ಲಿ ಆರು ಪ್ರಶ್ನೆ ಬಿಟ್ಟು ಬಂದದ್ದನ್ನು ನಾನು ಅವನಿಗೆ ಹೇಳಲೇ ಇಲ್ಲ.